ತೀರ್ಥದ ರಿಪೋರ್ಟು

ನೌಪಾಡಾದ ಸೂರ್ಯನಾರಾಯಣರಿಗೆ ದೇವರಲ್ಲಿ ನಂಬಿಕೆಯೇನೋ ಇತ್ತು. ದೇವರು ತನ್ನನ್ನು ತಾನು ನೋಡಿಕೊಂಡಾನು ಎಂಬ ನಂಬಿಕೆ ಮಾತ್ರ ಇದ್ದಂತಿರಲಿಲ್ಲ. ಇದ್ದಿದ್ದರೆ ಆತನ ಪರವಾಗಿ ಇಷ್ಟು ವಕಾಲತ್ತು ವಹಿಸುವ ಅಗತ್ಯವೇನಿತ್ತು? ಗಂಟೆ ಬಾರಿಸಿದರೆ ಮೆದುಳು ಚುರುಕಾಗುತ್ತದೆ, ಕರ್ಪೂರಕ್ಕೆ ಸೊಳ್ಳೆ ಓಡುತ್ತದೆ, ದೀರ್ಘದಂಡ ನಮಸ್ಕಾರ ಬೆನ್ನುಮೂಳೆಗೆ ಒಳ್ಳೆಯದು. ಮೈಸೂರಿನಿಂದ ಈ ಮರಾಠಿ ಸೀಮೆಗೆ ಬಂದು ಮೂವತ್ತು ವರ್ಷ ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿದ್ದು, ದಾಖಲೆಯಿಲ್ಲದ ಅರ್ಜಿಗಳನ್ನೆಲ್ಲ ತಿರಸ್ಕರಿಸಿದ ಮನುಷ್ಯ. ನಿವೃತ್ತರಾದ ಮೇಲೆ ದೇವರ ದಾಖಲೆಗಳನ್ನು ಸರಿಪಡಿಸುವ ಕೆಲಸಕ್ಕೆ ಕೂತಿದ್ದರು.

ಆದರೆ ಅವರ ನಿಜವಾದ ಸಂಕಟ ಬೇರೆಯೇ ಇತ್ತು. ಮಗಳು ಅಪೇಕ್ಷಾ ಚಿಕ್ಕವಳಿದ್ದಾಗ, ಪೂಜೆ ಮುಗಿಯುವ ಮೊದಲೇ ಅಂಗೈ ಬಟ್ಟಲು ಮಾಡಿಕೊಂಡು ತೀರ್ಥಕ್ಕೆ ಬಂದು ನಿಲ್ಲುತ್ತಿದ್ದಳು. ಈಗ ಘಣಸೋಲಿಯಲ್ಲಿ ನೀರು ಪರೀಕ್ಷಿಸುವ ಲ್ಯಾಬಿನ ಕೆಲಸ. ಎರಡು ವರ್ಷದಿಂದ “ಲೇಟಾಯ್ತಪ್ಪಾ” ಎಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾಳೆ. ಉದ್ಧರಣೆಯಲ್ಲಿ ಎತ್ತಿದ ತೀರ್ಥವನ್ನು ಅವರು ಮತ್ತೆ ಪಾತ್ರೆಗೇ ಸುರಿಯುತ್ತಿದ್ದರು.

ವಾಶಿಯ ಕನ್ನಡ ಸಂಘದವರು ‘ಆಚಾರಕ್ಕೆ ವಿಜ್ಞಾನದ ಸಾಕ್ಷಿ’ ಎಂಬ ಭಾಷಣಕ್ಕೆ ಕರೆದಾಗ ಅವರಿಗೆ ಒಂದೇ ಕಲ್ಲಿಗೆ ಎರಡು ಹಕ್ಕಿ ಕಂಡವು.

“ತಾಮ್ರದ ಪಾತ್ರೆ, ಮೇಲೆ ತುಳಸಿ. ಒಂದು ಕ್ರಿಮಿ ಉಳಿಯಲ್ಲ ಪುಟ್ಟಿ. ಬೇಕಾದ್ರೆ ನಿನ್ನ ಲ್ಯಾಬಲ್ಲೇ ಟೆಸ್ಟ್ ಮಾಡ್ಸು.”

“ಪಕ್ಕಾ? ಆಮೇಲೆ ಮಾತು ಬದಲಾಯಿಸ್ಬಾರ್ದು ಹಾಂ.”

“ರಿಪೋರ್ಟ್ ಕ್ಲೀನಾಗಿ ಬಂದ್ರೆ ದಿನಾ ಕೈ ನೀಡ್ತೀಯಾ?”

“ನೀಡ್ತೀನಿ.”

ಅವಳು ಲ್ಯಾಬಿನ ಶೀಶೆಯಲ್ಲಿ ತೀರ್ಥ ತುಂಬಿಸಿಕೊಂಡು ಹೋದಳು. ಇವರು ಅಂದೇ ಭಾಷಣದ ಮೊದಲ ಹಾಳೆಯಲ್ಲಿ ‘ಪ್ರಯೋಗಾಲಯದಲ್ಲಿ ಸಾಬೀತಾಗಿದೆ’ ಎಂದು ಬರೆದು ಅಡಿಗೆರೆ ಎಳೆದರು.

ಶುಕ್ರವಾರ ಸಂಜೆ ರಿಪೋರ್ಟು ಬಂತು. ಕುಡಿಯಲು ಯೋಗ್ಯವಲ್ಲ.

“ಲೋಕಲ್ ಟ್ರೇನಲ್ಲಿ ಕುಲುಕಿ ತುಳಸಿ ಶಕ್ತಿ ಕಳ್ಕೊಂಡಿರುತ್ತೆ,” ಎಂದರು. ಅವಳು ಚಪ್ಪಲಿ ಬಿಚ್ಚಿದಳು. “ನೀನು ಶೀಶೆ ತುಂಬಿದ್ದು ರಾಹುಕಾಲದಲ್ಲಿ.” ಅವಳು ಚೀಲ ಕೆಳಗಿಟ್ಟಳು. “ಇವು ಒಳ್ಳೇ ಕ್ರಿಮಿಗಳಿರ್ಬೇಕು ಕಣೇ. ಮೊಸರಲ್ಲಿ ಇರಲ್ವಾ?”

ಅಡುಗೆಮನೆಯಿಂದ ಹೆಂಡತಿ ಸರಳಾ ತಲೆ ಹಾಕಿದರು. “ರೀ, ಹುಣಸೆಹಣ್ಣಲ್ಲಿ ತಿಕ್ಕೋ ಕಷ್ಟ ತಪ್ಪಲಿ, ಹತ್ತು ವರ್ಷ ಫಳಫಳ ಅನ್ನುತ್ತೆ ಅಂತ ದೀಪಾವಳಿಗೆ ಆ ಪಾತ್ರೆಗೆ ಒಳಗೂ ಹೊರಗೂ ಲ್ಯಾಕರ್ ಲೇಪ ಹೊಡೆಸ್ಕೊಂಡು ಬಂದ್ರಲ್ಲ?”

ಸೂರ್ಯನಾರಾಯಣರಿಗೆ ಹೋದ ಜೀವ ಬಂತು. “ನೋಡಿದ್ಯಾ! ನೀರು ತಾಮ್ರಾನ ಮುಟ್ಟೇ ಇಲ್ಲ! ಇನ್ನೊಂದ್ಸಲ ಟೆಸ್ಟ್ ಮಾಡು!”

“ಮಾಡೋಣ. ತಾಮ್ರಕ್ಕೆ ಆ ಗುಣ ಇದೆ, ನಾನೂ ಇಲ್ಲ ಅನ್ನಲ್ಲ,” ಎಂದಳು ಅಪೇಕ್ಷಾ. “ಆದ್ರೆ ಅಪ್ಪಾ, ಕ್ಲೀನಾಗೇ ಬಂತು ಅಂತ ಇಟ್ಕೋ. ಗೆದ್ದಿದ್ದು ಯಾರು? ತಾಮ್ರ. ನಾನೊಂದು ತಾಮ್ರದ ಬಾಟ್ಲಿ ತಗೊಂಡು ಆಫೀಸಿಗೆ ಹೋಗ್ತೀನಿ, ಮುಗೀತು. ನಿನ್ನ ಮುಂದೆ ಕೈ ಯಾಕೆ ನೀಡ್ಬೇಕು?”

ಅವರು ಭಾಷಣದ ಮೊದಲ ಹಾಳೆಯನ್ನು ಮಗುಚಿಟ್ಟರು.

“ಮತ್ತೆ ಖರಾಬ್ ಬಂದ್ರೆ? ಪೂಜೆ ಬಿಡ್ತೀಯಾ?”

“ಛೆ, ಬಿಡ್ತಾರೇನೇ!”

“ಹಾಗಾದ್ರೆ ಪಾಪ ಆ ಲ್ಯಾಬನ್ನ ಸಾಕ್ಷಿಗೆ ಯಾಕೆ ಕರೀತೀಯಾ? ಅದರ ಮಾತು ಕೇಳೋ ಇರಾದೇನೇ ಇಲ್ವಲ್ಲ.”

ಇಂಥ ಸಾಕ್ಷಿಯನ್ನು ಹಿಡಿದುಕೊಂಡು ಬಂದ ಎಷ್ಟೋ ಕ್ಲೇಮುಗಳನ್ನು ಅವರೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು. ಶನಿವಾರ ಪಾತ್ರೆಯನ್ನು ಲ್ಯಾಕರ್ ತೆಗೆಸಲು ಅಂಗಡಿಗೆ ಕೊಟ್ಟು ಬಂದರು. ಅಂಗಡಿಯವನು ಮಂಗಳವಾರ ಬನ್ನಿ ಎಂದ.

ಹೀಗಾಗಿ ಭಾನುವಾರ, ಭಾಷಣದ ದಿನ, ತೀರ್ಥ ಸ್ಟೀಲಿನ ಲೋಟಕ್ಕೆ ಬಂತು. ಸರಳಾ ನೀರನ್ನು ಎರಡು ಸಲ ಕುದಿಸಿ ಆರಿಸಿಟ್ಟಿದ್ದರು. ಸ್ಟೀಲಿನ ಬಗ್ಗೆ ಶಾಸ್ತ್ರದಲ್ಲೂ ಏನಿಲ್ಲ, ವಾಟ್ಸಾಪಿನಲ್ಲೂ ಏನಿಲ್ಲ. ಪೂಜೆ ಮುಗಿಸಿ ಲೋಟ ಹಿಡಿದು ಸೋಫಾದ ಮುಂದೆ ನಿಂತ ಸೂರ್ಯನಾರಾಯಣರಿಗೆ ಹೇಳಲು ಒಂದು ಕಾರಣವೂ ಇರಲಿಲ್ಲ.

ಅಪೇಕ್ಷಾ ಮೊಬೈಲಿನಿಂದ ಕಣ್ಣೆತ್ತಿದಳು. “ಇದರಿಂದ ಏನು ಲಾಭ ಅಪ್ಪಾ?”

“ಏನೂ ಇಲ್ಲ,” ಎಂದರು. “ನೀನು ಕೈ ನೀಡಿದ್ರೆ ನಂಗೆ ಖುಷಿಯಾಗುತ್ತೆ. ನೀಡದೇ ಇದ್ರೆ ದಿನವಿಡೀ ಬೇಜಾರು. ಅಷ್ಟೇ.”

ಅವಳು ಮೊಬೈಲು ಪಕ್ಕಕ್ಕಿಟ್ಟು ಎದ್ದು ನಿಂತು, ಅಂಗೈ ಬಟ್ಟಲು ಮಾಡಿದಳು. ಲೋಟದಿಂದ ಬಗ್ಗಿಸುವಾಗ ಅರ್ಧ ತೀರ್ಥ ನೆಲದ ಪಾಲಾಯಿತು. ಉಳಿದದ್ದನ್ನು ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡು ಅವಳು ಅಂದಳು:

“ಎರಡು ವರ್ಷದಿಂದ ಇದನ್ನ ಹೇಳೋಕೆ ಏನಾಗಿತ್ತು ನಿಂಗೆ?”

ಸೂರ್ಯನಾರಾಯಣರು ಪಂಚೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡು, ಮೇಜಿನ ಮೇಲಿದ್ದ ಭಾಷಣದ ಹಾಳೆಗಳ ಕಡೆ ನೋಡಿದರು.

“ಅದು ಸರಿ ಪುಟ್ಟಿ,” ಎಂದರು, “ಆದ್ರೆ ಸಂಜೆ ವಾಶಿಯಲ್ಲಿ ನಲವತ್ತು ನಿಮಿಷ ನಾನು ಏನಂತ ಮಾತಾಡ್ಲಿ?”