ಉದ್ಘಾಟನೆಯ ಹಿಂದಿನ ಸಂಜೆ

ಆ ವಾರಪತ್ರಿಕೆಯ ಮೂರನೆಯ ಪುಟದಲ್ಲಿ, ಪದಬಂಧದ ಕೆಳಗೆ, ‘ಈ ವಾರ, ಆ ವರ್ಷ’ ಎಂಬ ಅಂಕಣ ಬರುತ್ತಿತ್ತು. ಭಾನುವಾರದಿಂದ ಶನಿವಾರದವರೆಗಿನ ಏಳು ತಾರೀಖುಗಳಂದು ಹಿಂದೆ ಊರಲ್ಲಿ ಏನೇನಾಯಿತು, ಯಾರು ಹುಟ್ಟಿದರು, ಯಾರು ತೀರಿಕೊಂಡರು, ಇಷ್ಟೇ ಅದರ ಸರಕು. ಹದಿನೆಂಟು ವರ್ಷಗಳಿಂದ ಅದನ್ನು ಬರೆಯುತ್ತಿದ್ದವಳನ್ನು ಕಚೇರಿಯಲ್ಲಿ ಎಲ್ಲರೂ ತಾರೀಖಮ್ಮ ಎನ್ನುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅವಳೇ ಫೋನೆತ್ತಿ “ತಾರೀಖಮ್ಮ ಮಾತಾಡ್ತಿರೋದು” ಎನ್ನತೊಡಗಿದಳು. ಊರಿನ ನೀರಿನ ಟ್ಯಾಂಕು ಕಟ್ಟಿದ ದಿನವನ್ನು ನಿದ್ದೆಗಣ್ಣಲ್ಲೂ ಹೇಳುತ್ತಾಳೆ, ನಮ್ಮ ಮದುವೆಯ ದಿನ ಮಾತ್ರ ಪ್ರತಿ ವರ್ಷ ಮರೆಯುತ್ತಾಳೆ ಎಂದು ಅವಳ ಗಂಡ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಆ ಸೋಮವಾರ ಬೆಳಿಗ್ಗೆ ಒಂದು ಫೋನು ಬಂತು. ವಯಸ್ಸಾದವರ ಗಂಟಲು.

“ಗುರುವಾರಕ್ಕೆ ನಮ್ಮ ಸೇತುವೆ ಉದ್ಘಾಟನೆಯಾಗಿ ನಲವತ್ತಾರು ವರ್ಷ ಅಂತ ಹಾಕಿದೀರಲ್ಲಮ್ಮಾ. ಮೊದಲು ದಾಟಿದ್ದು ಮಂತ್ರಿಗಳ ಕಾರು ಅಂತ ಬೇರೆ.”

“ಹೌದು ಸಾರ್, ಹಳೇ ಸಂಚಿಕೇಲಿ ಹಾಗೇ ಇದೆ.”

“ಹಳೇದಾದ್ರೆ ಸುಳ್ಳು ನಿಜ ಆಗುತ್ತಾ? ಮೊದಲು ದಾಟಿದ್ದು ನನ್ನ ಬಸ್ಸು. ಹಿಂದಿನ ದಿನ ಸಂಜೆ.”

ಇಂಥ ಫೋನು ವಾರಕ್ಕೆರಡು ಬರುತ್ತವೆ. ನಮ್ಮ ತಾತನ ಹೆಸರು ಬಿಟ್ಟಿದ್ದೀರಿ, ನಮ್ಮ ಬೀದಿಗೆ ದೀಪ ಬಂದದ್ದು ಅದಕ್ಕೂ ಮೊದಲು ಎನ್ನುವವರೇ ಹೆಚ್ಚು. “ಹಾಗಾದ್ರೆ ನಿಮ್ಮ ಹೆಸರು ಹಾಕೋಣ್ವಾ?” ಎಂದು ಅವಳು ರೂಢಿಯ ಪ್ರಶ್ನೆ ಕೇಳಿದಳು.

“ನನ್ನ ಹೆಸರು ಯಾರಿಗೆ ಬೇಕು? ನಂಗೊಂದು ವಿಷಯ ಗೊತ್ತಾಗ್ಬೇಕು ಅಷ್ಟೇ. ಆವತ್ತು ಹುಟ್ಟಿದ್ದು ಗಂಡೋ ಹೆಣ್ಣೋ?”

ತಾರೀಖಮ್ಮ ಪೆನ್ನು ಕೆಳಗಿಟ್ಟಳು. ಮಧ್ಯಾಹ್ನವೇ ವಿಳಾಸ ಹುಡುಕಿಕೊಂಡು ಹೋದಳು.

ಟೈರು ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಡ್ರೈವರಿಗೆ ಎಪ್ಪತ್ತನಾಲ್ಕು ದಾಟಿತ್ತು. ಕುರ್ಚಿಯಲ್ಲಿ ಕೂತರೂ ಎರಡು ಕೈ ಮುಂದೆ ಚಾಚಿಕೊಂಡೇ ಕೂರುವ ಅಭ್ಯಾಸ. ಆಗ ಅವರಿಗೆ ಇಪ್ಪತ್ತೆಂಟು. ಕೊನೆಯ ಟ್ರಿಪ್ಪು ಮುಗಿಸಿ ಖಾಲಿ ಬಸ್ಸು ಹೊಡೆದುಕೊಂಡು ಡಿಪೋಗೆ ಬರುತ್ತಿದ್ದರು. ಹೊಳೆಯ ದಡದಲ್ಲಿ ಒಬ್ಬ ತುಂಬು ಗರ್ಭಿಣಿ ಕಲ್ಲಿನ ಮೇಲೆ ಕೂತು ನರಳುತ್ತಿದ್ದಳು, ಪಕ್ಕದಲ್ಲಿ ಅತ್ತೆ ದೋಣಿಯವನಿಗೆ ಶಾಪ ಹಾಕುತ್ತಿದ್ದಳು. ನಾಳೆ ಹೇಗೂ ಸೇತುವೆ ತೆರೆಯುತ್ತದಲ್ಲ ಎಂದು ದೋಣಿಯವನು ಇವತ್ತೇ ದೋಣಿ ಮೇಲಕ್ಕೆಳೆದು ಮನೆಗೆ ಹೋಗಿಬಿಟ್ಟಿದ್ದ. ಆಸ್ಪತ್ರೆ ಆಚೆ ದಡದಲ್ಲಿ. ಸುತ್ತುದಾರಿ ಹಿಡಿದರೆ ಒಂದು ಗಂಟೆ.

“ಸೇತುವೆಗೆ ಅಡ್ಡ ಒಂದು ಬೊಂಬು, ಒಂದು ಕೆಂಪು ಪಟ್ಟಿ. ಬೊಂಬನ್ನ ಇಳಿದು ಎತ್ತಿಟ್ಟೆ. ಪಟ್ಟಿ ಬಿಚ್ಚೋಕೆ ಟೈಮಿರ್ಲಿಲ್ಲ, ಬಸ್ಸೇ ಹರಿದುಹಾಕ್ತು. ಅರ್ಧ ದಾರೀಲಿ ಅಜ್ಜಿ ‘ನಿಲ್ಸಪ್ಪಾ’ ಅಂತ ಕೂಗಿದ್ರು. ನಿಲ್ಲಿಸ್ದೆ. ನೋಡಬಾರದಲ್ಲ, ಕನ್ನಡಿನ ಮೇಲಕ್ಕೆ ತಿರುಗಿಸಿ ಹೊಳೆ ಕಡೆ ಮುಖ ಮಾಡಿ ಕೂತೆ. ಸ್ವಲ್ಪ ಹೊತ್ತಿಗೆ ಅಳು ಕೇಳಿಸ್ತು. ಏನು ಅಳು ಅಂತೀರಿ! ನನ್ನ ಹಾರನ್ನೇ ನಾಚ್ಕೋಬೇಕು.”

ಆಸ್ಪತ್ರೆಯ ಬಾಗಿಲಲ್ಲಿ ನರ್ಸುಗಳು ತಾಯಿ ಮಗುವನ್ನು ಒಳಗೊಯ್ದರು. ಅಷ್ಟರಲ್ಲಿ ಹರಿದ ಪಟ್ಟಿಯ ಸುದ್ದಿ ಮುಟ್ಟಿ ಡಿಪೋದ ಜೀಪು ಬಂದಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ದೂರದ ಡಿಪೋಗೆ ವರ್ಗ. ಮೂರು ವರ್ಷ ಬಿಟ್ಟು ವಾಪಸ್ಸು ಬಂದಾಗ ಆಸ್ಪತ್ರೆಯಲ್ಲಿ ಹಳಬರು ಯಾರೂ ಇರಲಿಲ್ಲ. “ಮನೆ ಮನೆ ಹುಡುಕ್ಕೊಂಡು ಹೋದ್ರೆ, ಮಾಡಿದ ಉಪಕಾರಕ್ಕೆ ರಸೀದಿ ಕೇಳೋಕೆ ಬಂದ ಹಾಗಾಗುತ್ತೆ ಅಂತ ಸುಮ್ನಾದೆ” ಎಂದರು.

“ಸುಮ್ನಾದ್ರಂತೆ!” ಒಳಗಿಂದ ಅವರ ಹೆಂಡತಿ ಕಾಫಿ ಹಿಡಿದು ಬಂದರು. “ನಲವತ್ತಾರು ವರ್ಷದಿಂದ ನನ್ನ ಕಿವಿ ತಿಂದಿದಾರೆ. ಇವರು ಗಂಡು ಅಂತಾರೆ, ನಾನು ಹೆಣ್ಣು ಅಂತೀನಿ. ಮಂತ್ರಿಗಿಂತ ಮೊದ್ಲೇ ಬಂದು ಸೇತುವೆ ಮೇಲೆ ಕೂಗಾಡ್ಬೇಕು ಅಂದ್ರೆ ಅದು ಹೆಣ್ಣೇ ಇರ್ಬೇಕು.”

ಮಂಗಳವಾರ ತಾರೀಖಮ್ಮ ಪುರಸಭೆಯ ಜನನ ಮರಣ ವಿಭಾಗಕ್ಕೆ ಹೋದಳು. ಅಲ್ಲಿಯ ಗುಮಾಸ್ತ ಅವಳ ಹಳೆಯ ಪರಿಚಯ. ಬಟ್ಟೆ ಹೊದಿಸಿದ ಹಳೆಯ ರಿಜಿಸ್ಟರು ತೆಗೆದು, ಧೂಳಿಗೆ ಎರಡು ಸಲ ಸೀನಿ, ಆ ತಾರೀಖಿನ ಮೇಲೆ ಬೆರಳಿಟ್ಟ. ಮೂರು ಜನನ. ಎರಡು ಆಸ್ಪತ್ರೆಯಲ್ಲಿ. ಮೂರನೆಯದರ ‘ಹುಟ್ಟಿದ ಸ್ಥಳ’ದ ಮುಂದೆ ಯಾರೋ ಬಹಳ ಯೋಚಿಸಿ ಬರೆದಂತೆ ದುಂಡಗೆ ಬರೆದಿದ್ದರು: ‘ಹೊಳೆಯ ಮೇಲೆ’. ಗುಮಾಸ್ತ ತಂದೆಯ ಹೆಸರು, ಮನೆ ನಂಬರು ಓದಿ ಹಣೆ ಚಚ್ಚಿಕೊಂಡ.

“ಅಯ್ಯೋ, ಇದು ನಮ್ಮ ಬ್ರೆಡ್ಡಕ್ಕ!”

ಬ್ರೆಡ್ಡಕ್ಕನನ್ನು ಊರಲ್ಲಿ ಅರಿಯದವರಿಲ್ಲ. ಗಡಿಯಾರದ ಬೀದಿಯಲ್ಲಿ ಅವಳ ಬೇಕರಿ; ಬೆಳಿಗ್ಗೆ ಐದಕ್ಕೇ ಓವನ್ನು ಬಿಸಿಯಾಗುತ್ತದೆ. ತಾರೀಖಮ್ಮ ಹೋದಾಗ ಅವಳು ಮೊಣಕೈವರೆಗೆ ಮೈದಾ ಮೆತ್ತಿಕೊಂಡು ಹಿಟ್ಟು ನಾದುತ್ತಿದ್ದಳು. ಸೇತುವೆ ಎನ್ನುತ್ತಿದ್ದಂತೆ ನಕ್ಕಳು.

“ಗೊತ್ತು ಗೊತ್ತು, ಬಸ್ಸಲ್ಲಿ ಹುಟ್ಟಿದೋಳು ನಾನು. ಪ್ರತಿ ವರ್ಷ ಆವತ್ತು ಅಮ್ಮ ಮೊದ್ಲು ಆ ಡ್ರೈವರಣ್ಣನ್ನ ನೆನೆಸ್ಕೊಂಡು ಕಣ್ಣೊರೆಸ್ಕೋತಾರೆ, ಆಮೇಲೇ ನಂಗೆ ಹಾರೈಸೋದು. ಪಾಪ, ಚಿಕ್ಕ ವಯಸ್ಸಲ್ಲೇ ಹೋಗ್ಬಿಟ್ರಲ್ಲ.”

“ಯಾರು ಹೋಗ್ಬಿಟ್ರು?”

“ಡ್ರೈವರ್ ಮಾವ. ಹೆರಿಗೆಯಾಗಿ ವಾರಕ್ಕೆ ನಮ್ಮಜ್ಜಿ ಡಿಪೋಗೆ ಹೋಗಿದ್ರಂತೆ, ನಾಲ್ಕು ಒಳ್ಳೇ ಮಾತಾಡಿ ಬರೋಣ ಅಂತ. ‘ಅವರು ಹೋಗ್ಬಿಟ್ರಮ್ಮ’ ಅಂದನಂತೆ ವಾಚ್‌ಮನ್ನು. ಅಜ್ಜಿ ಅಲ್ಲೇ ಕುಸಿದು ಕೂತ್ರಂತೆ.”

ಊರು ಬಿಟ್ಟು ಹೋದರೋ ಲೋಕ ಬಿಟ್ಟು ಹೋದರೋ ಎಂದು ಅವನು ಬಿಡಿಸಿ ಹೇಳಲಿಲ್ಲ, ಅಜ್ಜಿ ಮತ್ತೆ ಕೇಳಲಿಲ್ಲ. ಒಂದು ಸಾವು ಹೀಗೆ ಒಂದು ಕುಟುಂಬದೊಳಗೆ ನಲವತ್ತಾರು ವರ್ಷ ಚಾಲ್ತಿಯಲ್ಲಿತ್ತು. ತಾರೀಖಮ್ಮನಿಗೆ ನಗು ಬಂತು.

“ನಿಮ್ಮ ಮಾವ ನಿನ್ನೆ ಫೋನ್ ಮಾಡಿ ನನ್ನ ಚೆನ್ನಾಗಿ ಬೈದ್ರು” ಎಂದಳು.

ಬ್ರೆಡ್ಡಕ್ಕ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

ಮರುದಿನ ಬುಧವಾರ, ಅವಳು ಹುಟ್ಟಿದ ದಿನ. ತಾರೀಖಮ್ಮ ಕರೆದಳೆಂದು ಮೂರು ಗಂಟೆಗೆ ಡ್ರೈವರು ಹೆಂಡತಿಯ ಜೊತೆ ಬೇಕರಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಹಿಂದಕ್ಕೆ ಬಾಚಿದ ಕೂದಲು. ಬಾಗಿಲಲ್ಲಿ ನಿಂತವರು ಒಳಗೆ ಬರಲೇ ಇಲ್ಲ. ಬ್ರೆಡ್ಡಕ್ಕ ಕೌಂಟರಿನ ಹಿಂದಿನಿಂದ ಬಂದು ಎದುರು ನಿಂತಳು.

“ನೋಡ್ರೀ, ಹೆಣ್ಣು!” ಎಂದರು ಅವರ ಹೆಂಡತಿ, ಇಡೀ ಬೀದಿಗೆ ಕೇಳುವಂತೆ. “ಪಂದ್ಯ ಸೋತ್ರಿ, ನಾಳೆಯಿಂದ ಬೆಳಗಿನ ಕಾಫಿ ನಿಮ್ಮದು!”

ಡ್ರೈವರು ಹೆಂಡತಿಯ ಕಡೆ ತಿರುಗಲಿಲ್ಲ. “ಆವತ್ತು ಅಷ್ಟು ಕೂಗಿದ್ದು ನೀನೇನಮ್ಮಾ?”

“ಈಗ್ಲೂ ಹಾಗೇ ಕೂಗ್ತೀನಿ ಮಾವ. ಬೇಕಾದ್ರೆ ನಮ್ಮೆಜಮಾನ್ರನ್ನ ಕೇಳಿ.”

ಒಲೆಯ ಕೋಣೆಯಿಂದ ಅವಳ ತಾಯಿ ಗೋಡೆ ಹಿಡಿದುಕೊಂಡು ನಿಧಾನ ಬಂದರು. ಡ್ರೈವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೈ ಮುಟ್ಟಿ ನೋಡಿದರು, ಬಿಸಿಯಿದೆಯೋ ಇಲ್ಲವೋ ಎಂಬಂತೆ.

“ಅಣ್ಣಾ,” ಎಂದರು ಕೊನೆಗೆ, “ಅಷ್ಟು ಜೋರಾಗಿ ಬ್ರೇಕ್ ಹಾಕ್ಬಾರ್ದಿತ್ತು.”

“ನಿಮ್ಮತ್ತೆ ನಿಲ್ಸು ಅಂದ್ರಲ್ಲಮ್ಮ!”

“ಅತ್ತೆ ಹೇಳಿದ್ದನ್ನೆಲ್ಲ ಕೇಳೋಕಾಗುತ್ತಾ? ಕೂತ್ಕೊಳ್ಳಿ. ಏನು ತಿಂತೀರಿ? ಇಷ್ಟು ವರ್ಷ ನಿಮಗೋಸ್ಕರ ಅತ್ತಿದ್ದೆಲ್ಲ ದಂಡ ಆಯ್ತು ನೋಡಿ.” ಹೀಗೆ ಹೇಳುತ್ತಲೇ ಮತ್ತೆ ಅತ್ತರು. ಡ್ರೈವರಿಗೂ ತಡೆಯಲಾಗಲಿಲ್ಲ. ಕರವಸ್ತ್ರ ಸಿಗದೆ ಕೌಂಟರಿನ ಮೇಲಿದ್ದ, ಬನ್ನು ಸುತ್ತುವ ಕಾಗದದಿಂದ ಕಣ್ಣೊರೆಸಿಕೊಂಡರು.

ಆಮೇಲೆ ತಾಯಿ ಆ ಸಂಜೆಯ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ಡ್ರೈವರು ತಿದ್ದಿದರು, ತಾಯಿ ಒಪ್ಪಲಿಲ್ಲ. ಕೊಳ್ಳಲು ಬಂದವರು ಬ್ರೆಡ್ಡು ಮರೆತು ನಿಂತರು. ಐದಕ್ಕೆ ಸಂಪಾದಕರ ಫೋನು: “ಎಲ್ಲಮ್ಮಾ ನಿನ್ನ ಅಂಕಣ? ಪುಟ ಕಾಯ್ತಾ ಇದೆ.”

“ಇನ್ನೂ ಬಸ್ಸು ಸೇತುವೆ ದಾಟಿಲ್ಲ ಸಾರ್, ಸ್ವಲ್ಪ ತಡೀರಿ” ಎಂದಳು ತಾರೀಖಮ್ಮ.

ಭಾನುವಾರದ ಅಂಕಣದ ಕೊನೆಗೆ ‘ಕಳೆದ ವಾರ ಬಿಟ್ಟುಹೋದದ್ದು’ ಎಂಬ ತಲೆಬರಹದಡಿ ಮೂರು ಸಾಲು ಬಂತು. ಊರ ಸೇತುವೆಯನ್ನು ಮೊದಲು ದಾಟಿದ್ದು ಉದ್ಘಾಟನೆಯ ಹಿಂದಿನ ಸಂಜೆ ಡಿಪೋಗೆ ಹೊರಟಿದ್ದ ಒಂದು ಬಸ್ಸು, ಅದರಲ್ಲಿ, ನಡು ಸೇತುವೆಯ ಮೇಲೆ, ಹೆಣ್ಣುಮಗುವಿನ ಜನನ, ದಾಟಿಸಿದವರು ಕ್ಷೇಮವಾಗಿದ್ದಾರೆ. ಮೂರನೆಯ ಸಾಲಿಗೆ ಜಾಗವಿಲ್ಲ, ತೆಗೆ ಎಂದಿದ್ದರು ಸಂಪಾದಕರು. ಹೋದ ವಾರ ಮಂತ್ರಿಗಳ ಕಾರಿಗೆ ಜಾಗ ಇತ್ತಲ್ಲ, ಇದನ್ನು ಮಾತ್ರ ಬಿಡಲ್ಲ ಎಂದು ಅವಳು ಕುರ್ಚಿಯಿಂದ ಏಳದೆ ಕೂತಿದ್ದಳು.