ಹಿತ್ತಿಲ ಮೂಲೆಯ ಜಗಲಿ

ಸೊಸೆ ಹೊಲಿಗೆ ಕೆಲಸದವಳು. ಹಿತ್ತಿಲಲ್ಲಿ ಕಟ್ಟಿಸಬೇಕೆಂದಿದ್ದ ಜಗಲಿಯ ನಕ್ಷೆಯನ್ನೂ ಅವಳು ಅಂಗಿಯ ಅಳತೆ ಗುರುತಿಸುವ ಕಂದು ಕಾಗದದ ಮೇಲೆಯೇ ಬರೆದಳು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಮೇಲೆ ಕಲ್ಲುಹಾಸು, ಎರಡು ಬದಿ ಕೂರಲು ಮೊಣಕಾಲೆತ್ತರದ ಕಟ್ಟೆ, ನೀರು ಮನೆಯ ಕಡೆ ಹರಿಯದಂತೆ ಹೊರಮುಖದ ವಾಟ. ಎಲ್ಲವನ್ನೂ ಅಳೆದು ತೂಗಿ ಆಗಿತ್ತು. ತೀರ್ಮಾನವಾಗದೆ ಉಳಿದದ್ದು ಒಂದೇ, ಜಾಗ.

ಅವಳಿಗೆ ಅಡುಗೆಮನೆಯ ಬಾಗಿಲ ಬಳಿಯೇ ಬೇಕಿತ್ತು. ಬಸ್ಸು ಓಡಿಸುವ ಗಂಡನ ಕಣ್ಣು ಹಿಂದಿನ ಮೂಲೆಯ ಮೇಲೆ. ಮಧ್ಯಾಹ್ನ ಕಳೆದರೆ ಅಲ್ಲಿ ಕಾಂಪೌಂಡಿನ ನೆರಳು ಬೀಳುತ್ತಿತ್ತು. ದಿನವಿಡೀ ಇಂಜಿನ್ನಿನ ಕಾವಿನ ಪಕ್ಕ ಕೂತು ಬರುವವನಿಗೆ ಅದಕ್ಕಿಂತ ಸ್ವರ್ಗ ಬೇರೆ ಇರಲಿಲ್ಲ.

"ಆ ಮೂಲೆ ಬೇಡ" ಎಂದರು ಅತ್ತೆ.

"ಯಾಕಮ್ಮ?"

"ಬೇಡ ಅಂದ್ರೆ ಬೇಡ."

"ಕಾರಣ ಹೇಳಮ್ಮ."

"ಎಲ್ಲದಕ್ಕೂ ಕಾರಣ ಕೊಡ್ತಾ ಕೂರಬೇಕೇನೋ ನಿಂಗೆ?"

ಮಗನಿಗೂ ಹಠ ತಾಯಿಯಿಂದಲೇ ಬಂದದ್ದು. ವಾರವಿಡೀ ಮನೆಯಲ್ಲಿ ಮಾತು ಕಡಿಮೆ, ಪಾತ್ರೆಗಳ ಸದ್ದು ಜಾಸ್ತಿ. ಸೊಸೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾದಳು.

ರಜೆಯ ದಿನ ಬೆಳಿಗ್ಗೆ ಗಂಡ ಯಾರನ್ನೂ ಕೇಳದೆ ಗಾರೆ ಮೇಸ್ತ್ರಿಯನ್ನು ಕರೆತಂದ. ಇಬ್ಬರೂ ಸೇರಿ ಆ ಮೂಲೆಯಲ್ಲೇ ಸುಣ್ಣದ ಪುಡಿಯಿಂದ ಗೆರೆ ಎಳೆದರು. ಗಂಡ ಕಲ್ಲುಚಪ್ಪಡಿಗಳನ್ನು ಒಂದೊಂದಾಗಿ ಹೊತ್ತು ತಂದು ಗೆರೆಯ ನಡುವೆ ಪೇರಿಸಿದ. ಅತ್ತೆ ಒಂದು ಸಲ ಕಿಟಕಿಯಿಂದ ನೋಡಿ ಕದ ಎಳೆದುಕೊಂಡರು.

ಮೇಸ್ತ್ರಿ ಎರಡು ಮೂಲೆಗೆ ಗೂಟ ಹೊಡೆದ. ಮೂರನೆಯದಕ್ಕೆ ಗುಳಿ ಮಾಡಲು ಹಾರೆ ಹಾಕಿದಾಗ ಮಣ್ಣಿನ ಸದ್ದು ಬರಲಿಲ್ಲ. ಮುಚ್ಚಿದ ಪೆಟ್ಟಿಗೆಯನ್ನು ತಟ್ಟಿದಂಥ ಸದ್ದು ಬಂತು. ಅವನು ಇನ್ನೊಮ್ಮೆ ಮೆಲ್ಲಗೆ ತಟ್ಟಿದ. ಆಮೇಲೆ ಹಾರೆಯನ್ನು ಸದ್ದಾಗದಂತೆ ಮಲಗಿಸಿ, ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು ಗೆರೆಯಾಚೆ ನಿಂತ.

"ಸಾರ್, ಅಲ್ಲಾಡಬೇಡಿ."

ಗಂಡ ಚಪ್ಪಡಿಯೊಂದನ್ನು ಎದೆಗವಚಿಕೊಂಡು ಗೆರೆಗಳ ನಟ್ಟನಡುವೆ ನಿಂತಿದ್ದ. "ಏನಾಯ್ತು?"

"ಕೆಳಗೆ ಟೊಳ್ಳಿದೆ."

ಗಂಡ ನಗಲು ಹೊರಟ. ಅಷ್ಟರಲ್ಲಿ ಅವನ ಎರಡು ಪಾದಗಳ ನಡುವಿನ ಮಣ್ಣು ಜರಡಿಯಲ್ಲಿ ಹಿಟ್ಟು ಇಳಿದಂತೆ ಸಣ್ಣಗೆ ಒಳಗಿಳಿಯತೊಡಗಿತು. ಎಲ್ಲೋ ಆಳದಲ್ಲಿ ಮರ ನರಳಿತು.

"ರೀ!" ಎಂದು ಸೊಸೆ ಓಡಿದಳು.

"ಅಮ್ಮಾ, ಅಲ್ಲೇ ನಿಲ್ಲಿ! ಇನ್ನೊಬ್ಬರ ಭಾರ ಬಿದ್ರೆ ಮುಗೀತು!" ಎಂದು ಮೇಸ್ತ್ರಿ ಕೂಗಿದ.

ಅವಳ ಕಾಲು ಕಂಬವಾಯಿತು. ಗಂಡನ ಹಣೆಯಿಂದ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಕೂಗು ಕೇಳಿ ಹೊರಬಂದ ಅತ್ತೆಯ ಮುಖ ಸುಣ್ಣದಷ್ಟು ಬೆಳ್ಳಗಾಗಿತ್ತು. ಆದರೆ ದನಿ ನಡುಗಲಿಲ್ಲ. "ಕಲ್ಲನ್ನ ಎಸೀಬೇಡ ಮಗಾ. ಮೆಲ್ಲಗೆ ಮಂಡಿಯೂರು. ಹಾಂ... ಈಗ ಇಳಿಸು. ಹೊಟ್ಟೆ ಮೇಲೆ ಮಲಕ್ಕೋ. ಮೇಸ್ತ್ರಿ, ಗೋಡೆ ಹತ್ರ ಏಣಿ ಇದೆ, ಅಡ್ಡ ಹಾಕು!"

ಏಣಿ ನೆಲದ ಮೇಲೆ ಮಲಗಿತು. ಗಂಡ ಅದರ ಮೇಲೆ ಬೋರಲಾಗಿ, ಉಸಿರು ಬಿಗಿಹಿಡಿದು, ಮೆಟ್ಟಿಲಿನಿಂದ ಮೆಟ್ಟಿಲಿಗೆ ತೆವಳಿದ. ಅರ್ಧ ದಾರಿಯಲ್ಲಿ ಮರ ಮತ್ತೆ ಲಟಕ್ಕೆಂದಿತು. ಅವನು ನಿಂತುಬಿಟ್ಟ.

"ನಿಲ್ಲಬೇಡ, ನನ್ನೇ ನೋಡ್ಕೊಂಡು ಬಾ" ಎಂದರು ಅತ್ತೆ.

ಮೇಸ್ತ್ರಿಯೂ ಸೊಸೆಯೂ ಅವನ ತೋಳು ಹಿಡಿದು ಎಳೆದರು. ಅವನ ಕಾಲು ಗೆರೆ ದಾಟಿದ್ದೇ ತಡ, ಪೇರಿಸಿಟ್ಟ ಕಲ್ಲುಗಳ ಅಡಿಯ ನೆಲ ಬಾಯಿ ಬಿಟ್ಟಿತು. ಅಷ್ಟೂ ಚಪ್ಪಡಿಗಳು ಒಳಗೆ ಹೋದವು. ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ನೀರಿನ ಸದ್ದು.

"ಇರುಳು ಕಂಡ ಬಾವಿಗೆ ಹಗಲು ಬೀಳೋರನ್ನ ಕೇಳಿದ್ದೆ" ಎಂದ ಮೇಸ್ತ್ರಿ ನೆಲಕ್ಕೆ ಕುಸಿದು ಕೂರುತ್ತ. "ನೀವು ಕಾಣದ ಬಾವಿಗೇ ಹೊರಟಿದ್ರಲ್ಲ ಸಾರ್."

ಗಂಡ ತಾಯಿಯನ್ನೇ ನೋಡುತ್ತಿದ್ದ. "ನಿಂಗೆ ಗೊತ್ತಿತ್ತಾ?"

"ಬಾವಿ ಇದ್ದದ್ದು ಗೊತ್ತಿತ್ತು. ಹೀಗಿರೋದು ಗೊತ್ತಿರಲಿಲ್ಲ." ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕುಳಿತರು. "ಆಗ ನಿಂಗೆ ಮೂರು ವರ್ಷ. ನೀನು ಬಗ್ಗಿ ನೋಡ್ತಾ ಒಳಗೆ ಬಿದ್ದುಬಿಟ್ಟೆ. ಮಾರನೇ ದಿನವೇ ನಿಮ್ಮಪ್ಪ, ಬಾವಿ ಮುಚ್ಚಿದೆ ಅಂದ್ರು. ಮುಚ್ಚಿದೆ ಅಂದ್ರೆ ತುಂಬಿಸಿದ್ದಾರೆ ಅಂದ್ಕೊಂಡೆ ಕಣೋ. ಹಲಗೆ ಹಾಸಿ ಮಣ್ಣು ಎಳೆದಿದ್ದಾರೆ ಅಂತ ನಂಗೇನು ಗೊತ್ತು?"

"ಅಷ್ಟಾದರೂ ಹೇಳಬಹುದಿತ್ತಲ್ಲ!"

"ಮಗು ಹೆದರ್ಕೊಂಡು ಬೆಳೀಬಾರದು, ಬಾಯಿ ಬಿಡಬೇಡ ಅಂತ ಆಣೆ ಹಾಕಿಸಿಕೊಂಡಿದ್ರು. ಅವರು ಹೋದಮೇಲೆ ಹೇಳೋಣ ಅಂದ್ರೆ ಬಾಯಿಗೇ ಬರಲಿಲ್ಲ. ಆ ಜಾಗದಲ್ಲಿ ಕೂತು ಹರಟೆ ಹೊಡೆಯೋಕೆ ನನ್ನ ಕೈಲಾಗಲ್ಲ ಅಂತ ಬೇಡ ಅಂದೆ, ಅಷ್ಟೆ."

ಸೊಸೆಗೆ ಸಿಟ್ಟೂ ಬಂತು, ಅಳುವೂ ಬಂತು. ಅವಳು ಅತ್ತೆಯ ಪಕ್ಕ ಕುಳಿತು ಅವರ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಬಾವಿ ತುಂಬಿಸಲು ನಾಲ್ಕು ದಿನ ಹಿಡಿಯಿತು. ಮೇಸ್ತ್ರಿ ದಪ್ಪ ಕಲ್ಲು, ಜಲ್ಲಿ, ಮಣ್ಣು ಎಂದು ಪದರ ಪದರವಾಗಿ ಹಾಕಿಸಿ, ನೀರು ಹಾಯಿಸಿ ಗುದ್ದಿಸಿದ. ಗಂಡ ರಜೆ ಹಾಕಿ ಪ್ರತಿ ಗಾಡಿ ಬರಿದಾಗುವ ತನಕ ನಿಂತು ನೋಡಿದ. ಜಗಲಿ ಅಡುಗೆಮನೆಯ ಬಾಗಿಲ ಬಳಿಗೆ ಬಂತು.

ಕಲ್ಲು ಕೂರಿಸಿದ ಸಂಜೆ ಗಂಡ ಹೊಸ ಕಟ್ಟೆಯ ಮೇಲೆ ತಾಯಿಯ ಪಕ್ಕ ಕುಳಿತ. ಕೇಳಿದ: "ಅವತ್ತು ನನ್ನನ್ನ ಬಾವಿಯಿಂದ ಮೇಲೆ ತಂದಿದ್ದು ಅಪ್ಪಾನಾ?"

"ಅವರು ಕೆಲಸಕ್ಕೆ ಹೋಗಿದ್ರು" ಎಂದರು ಅತ್ತೆ. "ನಾನೇ ಹಗ್ಗ ಹಿಡ್ಕೊಂಡು ಇಳಿದೆ."

ಅವನು ತಾಯಿಯ ಮಡಿಲಲ್ಲಿ ತಲೆಯಿಟ್ಟ. ಅತ್ತೆ ಅವನ ಬೆನ್ನು ಸವರುತ್ತ ಕುಳಿತರು.