ಗಿಡಕ್ಕೆ ಕಟ್ಟಿದ ಸೊಳ್ಳೆಪರದೆ

"ಹುಲ್ಲು ಕುಯ್ಯೇ ಅಂದ್ರೆ ಎದುರು ನಿಂತು ಪ್ರವಚನ ಹೇಳ್ತೀಯೇನೇ, ಮುಂಡೇದೆ?"

ಸತ್ಯಾತ್ಮ ಕಾರಿನ ಕೀಲಿಗೊಂಚಲನ್ನು ಸಾಕಮ್ಮನ ಮುಖದ ಮುಂದೆ ಆಡಿಸಿದ. ಸಾಕಮ್ಮ ಕುಡುಗೋಲು ಹಿಡಿದು ಬದುವಿನ ಮೇಲೆ ನಿಂತಿದ್ದಳು. ಅವಳ ಹಿಂದೆ ಮೊಳಕಾಲೆತ್ತರ ಬೆಳೆದ ಹುಲ್ಲು. ಮುಂದೆ ಸಾಲು ಸಾಲಾಗಿ ಸೊಂಟದೆತ್ತರದ ಮಾವು, ಸೀಬೆ, ಸಪೋಟದ ಕಸಿ ಗಿಡಗಳು. ಒಂದೊಂದು ಗಿಡದ ಬುಡದಲ್ಲೂ ಕೊಂಡವರ ಹೆಸರು ಬರೆದ ಬಿಳಿ ಹಲಗೆ.

"ಕುಯ್ಯಕಿಲ್ಲ ಅಂತ ನಾನು ಅನ್ನಕಿಲ್ಲ ಬುದ್ದಿ. ಮಿಡ್ತೆ ಎಲ್ಲಾ ಈ ಹುಲ್ಲಲ್ಲೇ ಅವೆ. ಹೊಟ್ಟೆಗೆ ಇಲ್ಲೇ ಸಿಕ್ತಾದೆ, ಅದ್ಕೆ ಸುಮ್ನವೆ. ಇದ ಸವರಿ ಹಾಕುದ್ರೆ ಎಲ್ಗೋದವು? ಸೀದಾ ಗಿಡುಕ್ಕೇ ಹತ್ತವೆ. ವಸಿ ದಿನ ಬುಡಿ. ಬೆಳಿಗ್ಗೆ ತಂಪ್ನಲ್ಲಿ ಅವು ಮರಗಟ್ಟಿರ್ತವೆ, ನಾವೇ ಹಿಡ್ದು ಸೋಪಿನ ನೀರ್ಗೆ ಹಾಕ್ತೀವಿ."

"ಓಹೋ, ಅಗ್ರಿಕಲ್ಚರ್ ಆಫೀಸರ್! ಭಾನುವಾರ ಪ್ಲಾಟ್ ಪಾರ್ಟಿಗಳು ಫ್ಯಾಮಿಲಿ ಸಮೇತ ಬರ್ತಾರೆ. ಈ ಕಾಡು ತೋರಿಸ್ಲಾ ಅವರಿಗೆ? ಒಂದು ಕಡ್ಡಿ ಇರಕೂಡದು. ಬೇಗ, ಸೀಕ್ರಂ!"

ಕಾರಿನೊಳಗಿಂದ ಅವನ ಹೆಂಡತಿ ರಮಾಬಾಯಿ ಗಾಜು ಇಳಿಸಿದಳು. "ಅವಳ ಹತ್ರ ಏನ್ರೀ ಪೇಚ್ಚು? ನಮ್ಮ ಭಾಷೆಯವರು, ಪಾಪ, ಪಾವಂ ಅಂತ ಕರ್ಕೊಂಡು ಬಂದ್ರೆ ತಲೆ ಮೇಲೇ ಕೂತ್ಕೋತಾರೆ."

ಸಾಕಮ್ಮ ಬಗ್ಗಿದಳು. ಕುಡುಗೋಲು ಹುಲ್ಲಿನ ಬುಡಕ್ಕೆ ಬಿತ್ತು.

ತಮಿಳು ಸೀಮೆಯಲ್ಲಿ, ಮಾಧವರಂ ಬಸ್ ನಿಲ್ದಾಣ ದಾಟಿ ಇನ್ನೂ ಅರ್ಧ ಗಂಟೆ ಹೋದರೆ ಸಿಗುವ ಆ ತೋಟಕ್ಕೆ ಸಾಕಮ್ಮನ ಸಂಸಾರ ಬಂದು ಮೂರು ವರ್ಷವಾಗಿತ್ತು. ಸತ್ಯಾತ್ಮನ ಅಜ್ಜನ ಕಾಲದಿಂದಲೂ ಅವರದು ತ್ರಿಪ್ಲಿಕೇನ್‌ನಲ್ಲಿ ಮನೆ, ಮನೆಮಾತು ಕನ್ನಡ. ಅವನು ಭೂಮಿ ತೆಗೆದುಕೊಂಡು, ಹಣ್ಣಿನ ಗಿಡ ನೆಡಿಸಿ, ಗಿಡಗಳ ಸಮೇತ ತುಂಡು ತುಂಡಾಗಿ ಮಾರುತ್ತಿದ್ದ. ಕೆಲಸಕ್ಕೆ ಕೊಳ್ಳೇಗಾಲದ ಕಡೆಯ ಕೇರಿಯಿಂದ ಏಳು ಸಂಸಾರಗಳನ್ನು ಕರೆತಂದು ತೋಟದ ಹಿಂದೆ ಶೀಟಿನ ಶೆಡ್ಡುಗಳಲ್ಲಿ ಇಟ್ಟಿದ್ದ. ಶೆಡ್ಡುಗಳ ಬೆನ್ನಿಗೇ ನಿಂತ ನೀರಿನ ಹೊಂಡ.

ಬುಧವಾರ ಮಧ್ಯಾಹ್ನಕ್ಕೆ ಹುಲ್ಲೆಲ್ಲ ಮುಗಿಯಿತು. ಸಾಕಮ್ಮನ ಮಗ ಅಂದಾನಿ ಕೊನೆಯ ಹೊರೆಯನ್ನು ಎತ್ತಿದಾಗ ನೆಲವೇ ಎದ್ದಂತಾಯಿತು. ಮಿಡತೆಗಳು ಹಿಡಿ ಹಿಡಿಯಾಗಿ ಎರಚಿದ ಹಾಗೆ ಹಾರಿ ಅವನ ಎದೆಗೆ, ಕತ್ತಿಗೆ ಬಡಿದವು. ಸಂಜೆಯ ಹೊತ್ತಿಗೆ ಗಿಡಗಳ ಹತ್ತಿರ ನಿಂತರೆ ಚರಚರ ಮೇಯುವ ಸದ್ದು ಕೇಳುತ್ತಿತ್ತು.

ಗುರುವಾರ ಏಳೂ ಸಂಸಾರದವರು ಬೆಳಕು ಹರಿಯುವ ಮೊದಲೇ ಸಾಲಿಗಿಳಿದು ಕೈಯಲ್ಲಿ ಹಿಡಿದರು. ಬಿಸಿಲೇರುವವರೆಗೆ ಸಿಕ್ಕವು. ಆಮೇಲೆ ಕೈ ಚಾಚಿದರೆ ಸಾಕು, ಒಂದು ಗಿಡದಿಂದ ಇನ್ನೊಂದಕ್ಕೆ ನೆಗೆದವು. ಶುಕ್ರವಾರ ಸತ್ಯಾತ್ಮ ಬಂದಾಗ ಮುಂದಿನ ಎರಡು ಸಾಲುಗಳಲ್ಲಿ ಎಲೆಯೇ ಇರಲಿಲ್ಲ. ಕೆಲವು ಗಿಡಗಳ ಎಳೆ ತೊಗಟೆಯನ್ನೂ ಕೆರೆದಿದ್ದವು. ಕಸಿ ಕಟ್ಟಿದ ಜಾಗ ಮಾಂಸ ಕಂಡಂತೆ ಬಿಳುಚಿಕೊಂಡಿತ್ತು.

"ಯಾರೋ ಇಲ್ಲಿ ಕಾವಲಿದ್ದೋನು?"

ಅಂದಾನಿ ಮುಂದೆ ಬಂದ.

"ಬುದ್ದಿ, ಮೂರು ಗಂಟಿಂದ ಹಿಡೀತಾನೇ ಇವ್ನಿ. ಅವ್ವ ಮೊದ್ಲೇ ಹೇಳಿದ್ಳು, ಹುಲ್ಲ..."

ಸತ್ಯಾತ್ಮ ಗಿಡದ ಮೇಲಿಂದ ಒಂದು ಮಿಡತೆಯನ್ನು ಕಿತ್ತು ಅಂದಾನಿಯ ಬಾಯಿಗೆ ಹಿಡಿದ.

"ಬಾಯಿ ತೆಗಿ. ಇದು ನನ್ನ ಗಿಡ ತಿಂತು, ನೀನು ಇದನ್ನ ತಿನ್ನು. ತಿನ್ನದೇ ಬಿಟ್ಟಿರೋದು ಏನಿದೆ ನಿಮ್ಮ ಜನ? ತೆಗಿಯೋ ಬಾಯಿ!"

ಅಂದಾನಿ ಹಲ್ಲು ಕಚ್ಚಿ ನಿಂತ. ಮಿಡತೆಯ ಕಾಲು ಅವನ ತುಟಿಯನ್ನು ಪರಪರ ಒದ್ದಿತು. ಸತ್ಯಾತ್ಮ ಹೆಬ್ಬೆರಳಿನಿಂದ ಒತ್ತಿದ. ಅದು ಅಲ್ಲೇ ಒಡೆಯಿತು. ಕಂದುರಸ ಗಲ್ಲದ ಮೇಲೆ ಇಳಿಯಿತು. ಒರೆಸಿಕೊಳ್ಳಲು ಅಂದಾನಿ ಕೈ ಎತ್ತಲಿಲ್ಲ. ಆಚೆ ಸಾಲಿನಲ್ಲಿದ್ದ ಗಂಡಸರು ನೆಲ ನೋಡಿದರು. ಸತ್ಯಾತ್ಮ ತನ್ನ ಬೆರಳನ್ನು ಅಂದಾನಿಯ ಅಂಗಿಗೆ ಒರೆಸಿ, ಫೋನ್ ಕಿವಿಗಿಟ್ಟುಕೊಂಡು ಯಾರಿಗೋ ತಮಿಳಿನಲ್ಲಿ ಗದರಿದ. ಗಿಡಗಳಿಗೆ ಹೊದಿಸುವ ಬಲೆ ಸೋಮವಾರಕ್ಕೆ ಮೊದಲು ಬರುವುದಿಲ್ಲ ಎಂದು ಆ ಕಡೆಯವರು ಹೇಳಿದರು.

ಅವನ ಕಣ್ಣು ಶೆಡ್ಡುಗಳ ಕಡೆ ಹೋಯಿತು. ಸಾಕಮ್ಮನ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ನೀಲಿ ಸೊಳ್ಳೆಪರದೆ ಕಾಣುತ್ತಿತ್ತು.

ಆ ಪರದೆಗಳನ್ನು ಹೋದ ವರ್ಷ ಮಳೆ ಮುಗಿದ ಮೇಲೆ ಆರೋಗ್ಯ ಇಲಾಖೆಯ ನರ್ಸಮ್ಮ ಬಂದು ಮನೆಗೊಂದರಂತೆ ಕೊಟ್ಟು ಹೋಗಿದ್ದಳು. ಆ ಮಳೆಯಲ್ಲೇ ಅಂದಾನಿಯ ಮೊದಲ ಮಗ, ಎರಡು ವರ್ಷದವನು, ಸೊಳ್ಳೆಜ್ವರ ಬಂದು ಹೋಗಿದ್ದ. ಜ್ವರ ಏರಿದ ದಿನ ಸಸಿ ಇಳಿಸುವ ಲಾರಿ ಬಂದಿತ್ತು. ಕೆಲಸ ಮುಗಿಯಲಿ, ಸಾಯಂಕಾಲ ನನ್ನ ಕಾರಿನಲ್ಲೇ ಆಸ್ಪತ್ರೆಗೆ ಕಳಿಸುತ್ತೇನೆ ಎಂದು ಸತ್ಯಾತ್ಮ ಹೇಳಿದ್ದ. ಸಾಯಂಕಾಲ ಕಾರು ಬಂತು. ಹುಡುಗ ಇರಲಿಲ್ಲ.

ಈಗ ಪರದೆಯ ಕೆಳಗೆ ಅಂದಾನಿಯ ಎರಡು ತಿಂಗಳ ಹೆಣ್ಣುಕೂಸು ಮಲಗಿತ್ತು. ಪಕ್ಕದಲ್ಲಿ ಅವನ ಹೆಂಡತಿ ಜಲಜಾ ಕೂತಿದ್ದಳು.

"ಎಲ್ಲಾ ಶೆಡ್ಡಿಂದ ಈ ಪರದೆ ಬಿಚ್ಚಿ ತನ್ನಿ," ಎಂದ ಸತ್ಯಾತ್ಮ. "ಮುಂದಿನ ಸಾಲಿಗೆ ಹಿಂದಿನಿಂದ ಒಳ್ಳೇ ಗಿಡ ತಂದು ನೆಡಿ, ಪರದೆ ಒಂದೊಂದನ್ನ ನಾಲ್ಕು ತುಂಡು ಮಾಡಿ ಅದಕ್ಕೆ ಕಟ್ಟಿ. ಗೇಟಿಂದ ಬಂದ ತಕ್ಷಣ ಕಣ್ಣಿಗೆ ಬೀಳೋದು ಅದೇ."

ಜಲಜಾ ಪರದೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. "ಬ್ಯಾಡಿ ಬುದ್ದಿ. ಕೂಸದೆ. ಇಲ್ಲಿ ಸೊಳ್ಳೆ ಹಗ್ಲೊತ್ನಲ್ಲೂ ಬುಡಕಿಲ್ಲ."

"ಎರಡು ದಿವಸದ ಮಾತು. ಸಾಂಬ್ರಾಣಿ ಹಾಕು."

"ಇದು ನಮ್ದು. ನರ್ಸಮ್ಮ ಕೊಟ್ಟದ್ದು."

"ಶೆಡ್ ಯಾರದ್ದೇ? ಶೆಡ್ ನನ್ನದಾದ್ರೆ ಒಳಗಿರೋದೂ ನನ್ನದೇ. ಏಯ್ ಅಂದಾನಿ, ನೀನೇ ಬಿಚ್ಚು. ಆಗಲ್ಲ ಅಂದ್ರೆ ಹೆಂಡತಿ ಮಗೂನ ಎತ್ಕೊಂಡು ಈಗಲೇ ರೋಡಿಗೆ ನಡಿ."

ರಮಾಬಾಯಿ ಹೊಸ್ತಿಲಾಚೆ ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಿದ್ದಳು. "ಒಗೆದು ಕಟ್ಟಿಸ್ರೀ. ನಾಳೆ ಆ ಹಣ್ಣು ದೇವರಿಗೆ ಇಡೋರೂ ಇರ್ತಾರೆ."

ಅಂದಾನಿ ಒಳಗೆ ಬಂದ. ಅವನ ಗಲ್ಲದ ಮೇಲಿನ ಕಲೆ ಒಣಗಿತ್ತು. ಅವನು ಹೆಂಡತಿಯ ಮುಖ ನೋಡದೆ ನಾಲ್ಕು ಮೂಲೆಯ ದಾರ ಬಿಚ್ಚಿದ. ಜಲಜಾಳ ಮುಷ್ಟಿಯನ್ನು ಬಿಡಿಸಬೇಕಾಯಿತು. ಒಂದೊಂದೇ ಬೆರಳನ್ನು ಬಿಡಿಸಿದ.

"ಥೂ, ನಿನ್ ಗಂಡಸ್ತನುಕ್ಕೆ ಬೆಂಕಿ ಹಾಕ!" ಎಂದಳು ಜಲಜಾ.

ಸಾಕಮ್ಮ ಮೂಲೆಯಲ್ಲಿ ನಿಂತು ನೋಡಿದಳು. ಪರದೆ ಹೊರಗೆ ಹೋದ ಮೇಲೆ ತನ್ನ ಹಳೆಯ ಸೀರೆಯನ್ನು ಕೂಸಿನ ಮೇಲೆ ಹೊದಿಸಿದಳು. ಸೆಕೆಗೆ ಕೂಸು ಚೀರಿತು. ತೆಗೆದಳು.

ಶನಿವಾರ ಬೆಳಿಗ್ಗೆ ಕೂಸಿನ ಮುಖ, ತೋಳುಗಳ ಮೇಲೆ ಕೆಂಪು ಗಂಧೆಗಳೆದ್ದಿದ್ದವು. ಭಾನುವಾರ ಬೆಳಿಗ್ಗೆ ಜಲಜಾ ಮೊಲೆ ಕೊಡಲು ಎತ್ತಿಕೊಂಡವಳು ಹಾಗೇ ನಿಂತಳು.

"ಅತ್ತಮ್ಮ, ವಸಿ ಮುಟ್ಟಿ ನೋಡಿ."

ಸಾಕಮ್ಮ ಕೂಸಿನ ಹೊಟ್ಟೆಗೆ ಅಂಗೈ ಇಟ್ಟಳು. ಕಾದ ಹೆಂಚು ಮುಟ್ಟಿದಂತಾಯಿತು.

ಹೊರಗೆ ಸತ್ಯಾತ್ಮ ಶಾಮಿಯಾನ ಹಾಕುವವರ ಹತ್ತಿರ ನಿಂತಿದ್ದ. ಸಾಕಮ್ಮ ಓಡುತ್ತಾ ಹೋದಳು.

"ಬುದ್ದಿ, ಕೂಸ್ಗೆ ಜರ ಬಂದದೆ. ಮೈ ಸುಡ್ತಾದೆ, ಮೊಲೆ ಹಿಡೀತಿಲ್ಲ. ಆಸ್ಪತ್ರೆಗೆ ಒಯ್ಬೇಕು. ವಂದು ಆಟೋ ಕರ್ಸಿ, ಇಲ್ಲ ನಿಮ್ ಕಾರಾದ್ರೂ ಕೊಡಿ."

"ಇವತ್ತಾ? ಈಗಲಾ? ಇನ್ನು ಹತ್ತು ನಿಮಿಷಕ್ಕೆ ಜನ ಬರ್ತಾರೆ. ನೀವು ಯಾರೂ ಈ ಕಡೆ ತಲೆ ಹಾಕ್ಬೇಡಿ, ಶೆಡ್ ಹಿಂದೆ ಇರಿ. ಒದ್ದೆ ಬಟ್ಟೆ ಹಾಕು ನೆತ್ತಿಗೆ. ಸಾಯಂಕಾಲ ಕಂಡಿಪ್ಪಾ ಕಳಿಸ್ತೀನಿ."

ಸಾಕಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಕಾರುಗಳು ಬರತೊಡಗಿದವು.

ಬಂದವರು ಮುಂದಿನ ಸಾಲಿನ ಹತ್ತಿರ ನಿಂತು ಫೋಟೋ ತೆಗೆದುಕೊಂಡರು. ಬೋಳಾದ ಗಿಡಗಳನ್ನು ರಾತ್ರೋರಾತ್ರಿ ಕಿತ್ತು ಹಿಂದಿನ ಸಾಲುಗಳಿಂದ ಒಳ್ಳೆಯವನ್ನು ತಂದು ನೆಡಿಸಿದ್ದ ಸತ್ಯಾತ್ಮ. ಪ್ರತಿ ಗಿಡಕ್ಕೂ ನೀಲಿ ಪರದೆಯ ಕುಲಾವಿ. ಕೋಡಂಬಾಕ್ಕಂನಿಂದ ಬಂದಿದ್ದ, ಕನ್ನಡದವಳೇ ಆದ ಶ್ರೀಪ್ರಿಯಾ ಎಂಬ ಹೆಂಗಸು ತನ್ನ ಹೆಸರಿನ ಹಲಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಅಯ್ಯೋ, ಎಷ್ಟು ಕ್ಯೂಟಾಗಿದೆ! ಯಾಕೆ ಆಂಟಿ ಈ ನೆಟ್ಟು?"

"ಮಿಡತೆ ಕಾಟ ಅಮ್ಮಾ. ಮಕ್ಕಳ ಥರ ನೋಡ್ಕೋಬೇಕು, ಒಂದು ಹುಳ ಮುಟ್ಟಕೂಡದು," ಎಂದಳು ರಮಾಬಾಯಿ.

ಆಗ ಸಾಕಮ್ಮ ಶೆಡ್ಡಿನ ಹಿಂದಿನಿಂದ ಬಂದಳು. ಯಾರನ್ನೂ ನೋಡದೆ ಶ್ರೀಪ್ರಿಯಾಳ ಗಿಡದ ಮುಂದೆ ಕೂತು, ಬುಡಕ್ಕೆ ಕಟ್ಟಿದ್ದ ದಾರದ ಗಂಟನ್ನು ಹಲ್ಲಿನಿಂದ ಬಿಚ್ಚತೊಡಗಿದಳು.

"ಏಯ್! ಏನು ಮಾಡ್ತಿದೀಯಾ?" ಸತ್ಯಾತ್ಮ ಓಡಿ ಬಂದು ಪರದೆಯ ಇನ್ನೊಂದು ತುದಿ ಹಿಡಿದ.

"ನನ್ ಮೊಮ್ಮಗಳ ಪರದೆ. ತಕ್ಕೊಂಡೋಯ್ತಿವ್ನಿ."

"ಬಿಡೇ, ಲೌಡಿ! ಜನ ನೋಡ್ತಿದಾರೆ!"

"ನೋಡ್ಲಿ ಅಂತಾನೇ ಈಗ ಬಂದಿವ್ನಿ. ಹೋದೊರ್ಸ ಸಾಯಂಕಾಲ ಅಂದೆ, ಮಣ್ಣಿಗೆ ಹಾಕ್ದೊ. ಈ ಸಲವೂ ಸಾಯಂಕಾಲ ಅಂತೀಯಲ್ಲೋ, ನಿನ್ ಬಾಯಿಗೆ ಹುಳ ಬೀಳ!"

ಪರದೆ ಹರಿಯಿತು. ಸತ್ಯಾತ್ಮ ಹಿಂದಕ್ಕೆ ಮುಗ್ಗರಿಸಿದ. "ಅಂದಾನಿ! ನಿಮ್ಮಮ್ಮನ್ನ ಎಳ್ಕೊಂಡು ಹೋಗೋ! ಇವತ್ತೇ ಎಲ್ಲರೂ ಶೆಡ್ ಖಾಲಿ ಮಾಡ್ಬೇಕಾಗತ್ತೆ!"

ಅಂದಾನಿ ಬಂದ. ಅವ್ವನ ಪಕ್ಕದಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಮುಂದಿನ ಗಿಡಕ್ಕೆ ಹೋಗಿ ಅದರ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆದ. ಕೊಂಬೆ ಮುರಿಯಿತು. ಅದರ ಮುಂದಿನದಕ್ಕೆ ಹೋದ. ಶೆಡ್ಡುಗಳ ಹಿಂದಿನಿಂದ ಒಬ್ಬೊಬ್ಬರಾಗಿ ಉಳಿದವರು ಬಂದರು. ತಮ್ಮ ತಮ್ಮ ಪರದೆಯ ತುಂಡು ಯಾವುದೆಂದು ಹೊಲಿಗೆ ನೋಡಿ ಗುರುತು ಹಿಡಿದು ಬಿಚ್ಚಿಕೊಂಡರು. ಹಿಂದಿನ ಸಾಲುಗಳಲ್ಲಿದ್ದ ಮಿಡತೆಗಳು ಹಾರಿ ಬಂದು ತೆರೆದ ಎಲೆಗಳ ಮೇಲೆ ಕೂತವು. ಒಂದು ಶ್ರೀಪ್ರಿಯಾಳ ಸೆರಗಿಗೆ ಅಂಟಿತು. ಅವಳು ಕಿರುಚಿಕೊಂಡು ಕಾರಿನ ಕಡೆ ಓಡಿದಳು. ಹಿಂದೆಯೇ ಎಲ್ಲರೂ.

ಸತ್ಯಾತ್ಮ ಒಬ್ಬೊಬ್ಬರ ಕಾರಿನ ಕಿಟಕಿಗೂ ಕೈ ಮುಗಿಯುತ್ತಾ ಓಡಾಡಿದ. ಯಾರೂ ಗಾಜು ಇಳಿಸಲಿಲ್ಲ.

ಮೊದಲ ಕಾರು ಗೇಟಿನ ಹತ್ತಿರ ಬಂದಾಗ ಸಾಕಮ್ಮ ಅಡ್ಡ ನಿಂತಿದ್ದಳು. ಕೂಸು ಅವಳ ಎದೆಯ ಮೇಲಿತ್ತು. ಜಲಜಾ ಪಕ್ಕದಲ್ಲಿದ್ದಳು. ಸ್ಟಿಯರಿಂಗ್ ಹಿಡಿದಿದ್ದ ಶ್ರೀಪ್ರಿಯಾಳ ಗಂಡ ಹಾರ್ನ್ ಒತ್ತಿದ. ಶ್ರೀಪ್ರಿಯಾ ಕಿಟಕಿಯನ್ನು ನಾಲ್ಕು ಬೆರಳಷ್ಟು ಇಳಿಸಿದಳು.

"ಪ್ಲೀಸ್ ಅಮ್ಮಾ, ವಳಿ ಬಿಡಿ, ದಾರಿ ಬಿಡಿ. ಇದು ನಿಮ್ಮ ನಿಮ್ಮ ವಿಷಯ. ನಮಗೆ ಏನೂ ಗೊತ್ತಿಲ್ಲ."

"ಈಗ ಗೊತ್ತಾಯ್ತಲ್ಲ ತಾಯಿ. ನಿಮ್ ಹೆಸ್ರಿನ ಗಿಡುಕ್ಕೇ ಕಟ್ಟಿದ್ರು ಇದರ ಪರದೇನ. ಹಿಂದ್ಗಡೆ ಸೀಟು ಖಾಲಿ ಅದೆ. ಆಸ್ಪತ್ರೆ ತಂಕ ಬುಡಿ ಸಾಕು."

ಶ್ರೀಪ್ರಿಯಾ ಗಂಡನ ಮುಖ ನೋಡಿದಳು. ಅವನು ಎದುರಿಗೇ ನೋಡುತ್ತಿದ್ದ. ಗಾಜು ಮೇಲಕ್ಕೆ ಹೋಯಿತು. ನಾಲ್ಕೂ ಬಾಗಿಲುಗಳಿಗೆ ಒಟ್ಟಿಗೆ ಕಟಕ್ ಎಂದು ಬೀಗ ಬಿದ್ದ ಸದ್ದು ಹೊರಗಿನವರಿಗೂ ಕೇಳಿಸಿತು.

ಕಾರು ಒಂದು ಗೇಣು ಮುಂದೆ ಬಂತು. ಸಾಕಮ್ಮನ ಮೊಳಕಾಲಿಗೆ ತಾಗಿ ನಿಂತಿತು. ಹಿಂದೆ ನಿಂತಿದ್ದ ಕಾರುಗಳು ಒಂದಾದ ಮೇಲೊಂದು ಹಾರ್ನ್ ಹಾಕಿದವು. ಅಂದಾನಿ ಬಂದು ಜಲಜಾಳ ಪಕ್ಕದಲ್ಲಿ ನಿಂತ. ಶೆಡ್ಡಿನ ಉಳಿದವರೂ ಬಂದು ಗೇಟಿನ ಈ ಕಂಬದಿಂದ ಆ ಕಂಬದವರೆಗೆ ನಿಂತರು.

ಅಷ್ಟು ಸದ್ದಿಗೂ ಕೂಸು ಅಳಲಿಲ್ಲ. ಸಾಕಮ್ಮ ಅದರ ಮೂಗಿನ ಹತ್ತಿರ ಕೈಯ ಹಿಂಬದಿ ಹಿಡಿದು ನೋಡಿದಳು. ಬಿಸಿಯುಸಿರು ಇನ್ನೂ ತೆಳ್ಳಗೆ ತಾಕುತ್ತಿತ್ತು. ಆಮೇಲೆ ಅದೇ ಕೈಯನ್ನು ಮುಷ್ಟಿ ಮಾಡಿ ಕಾರಿನ ಗಾಜಿಗೆ ಗುದ್ದಿದಳು. ಇನ್ನೊಮ್ಮೆ ಗುದ್ದಿದಳು.